ಆರು ಮಂದಿ ಹೋದರು, ಒಬ್ಬ ಮರಳಿದ

ಅಡಿಕೆ ಬೆಳೆಗಾರರು ನಾಲ್ಕು ಜನ ಸೇರಿದಲ್ಲಿ ಮೊದಲ ಮಾತು ಧಾರಣೆಯದ್ದು, ಎರಡನೆಯದ್ದು ಕೆಲಸದವರದ್ದು. ಮದುವೆಯ ಪಂಕ್ತಿಯಲ್ಲಿ ಕೂತರೂ ಅದೇ. “ನಿಮ್ಮಲ್ಲಿ ಮದ್ದು ಬಿಡಲು ಜನ ಸಿಕ್ಕಿದರಾ?” “ಸಿಕ್ಕಿದರು, ಆದರೆ ಸಂಬಳ ಕೇಳಿದರೆ ತಲೆ ತಿರುಗುತ್ತದೆ ಮಾರಾಯ್ರೆ.” ಹೀಗೆ ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಗೊಣಗುವ ಮೊದಲು ಒಮ್ಮೆ ನಿಂತು ಯೋಚಿಸುತ್ತೇನೆ. ಅದಕ್ಕೆ ಕಾರಣ ಇಂಗ್ಲೆಂಡಿನ ಹೊಳೆಬದಿಯ ಒಂದು ಸಣ್ಣ ಹಳ್ಳಿ. ಅದರ ಚರಿತ್ರೆ ಓದಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಎಲ್ಲರಿಗೂ ಹಿತವಾಗಲಿಕ್ಕಿಲ್ಲ.

ಹೊಳೆಯ ಹೆಸರೇ ಊರಿಗೆ

ಊರಿನ ಹೆಸರು ಟಾಲ್‌ಪಡಲ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಜಿಲ್ಲೆಯಲ್ಲಿದೆ. ಡಾರ್ಚೆಸ್ಟರ್ ಪೇಟೆಯಿಂದ ಪೂರ್ವಕ್ಕೆ ಏಳೆಂಟು ಮೈಲು. ಊರನ್ನು ತಾಗಿಕೊಂಡು ಪಿಡಲ್ ಎಂಬ ಹೊಳೆ ಹರಿಯುತ್ತದೆ. ಹೊಳೆ ಎಂದರೆ ನೇತ್ರಾವತಿಯಂತಹದ್ದಲ್ಲ, ನಮ್ಮ ದೊಡ್ಡ ತೋಡಿನಷ್ಟೇ. ಆದರೆ ಆ ಕಣಿವೆಯ ಊರುಗಳೆಲ್ಲ ಅದರದ್ದೇ ಹೆಸರು ಹೊತ್ತಿವೆ: ಪಿಡಲ್‌ಹಿಂಟನ್, ಪಡಲ್‌ಟೌನ್, ಆಫ್‌ಪಡಲ್, ಬ್ರಯಂಟ್ಸ್‌ಪಡಲ್, ಹೀಗೆ. ಟಾಲ್‌ಪಡಲ್ ಅಂದರೆ ‘ಟೋಲಾಳ ಪಿಡಲ್’. ಟೋಲಾ ಎಂಬಾಕೆ ಹನ್ನೊಂದನೇ ಶತಮಾನದಲ್ಲಿ ಈ ಜಮೀನಿನ ಒಡತಿ. ಆಕೆ ಇದನ್ನು ಆಬಟ್ಸ್‌ಬರಿ ಎಂಬಲ್ಲಿನ ಕ್ರೈಸ್ತ ಮಠಕ್ಕೆ ದಾನ ಕೊಟ್ಟಳು. 1086ರಲ್ಲಿ ಅಲ್ಲಿನ ರಾಜ ದೇಶದ ಎಲ್ಲ ಜಮೀನಿನ ಲೆಕ್ಕ ಬರೆಸಿದಾಗ ಊರು ಮಠದ ಹೆಸರಿನಲ್ಲಿತ್ತು. ಮುಂದಿನ ನಾನೂರೈವತ್ತು ವರ್ಷವೂ ಹಾಗೆಯೇ ಇತ್ತು. 1539ರಲ್ಲಿ ಎಂಟನೇ ಹೆನ್ರಿ ಆ ಮಠವನ್ನು ಮುಚ್ಚಿಸಿದ ಮೇಲೆ ಜಮೀನು ಧಣಿಗಳ ಪಾಲಾಯಿತು. ಉತ್ತವರ ಹೆಸರಿಗೆ ಬರಲಿಲ್ಲ. ದಾಖಲೆಯಲ್ಲಿ ಬದಲಾದದ್ದು ಒಡೆಯರ ಹೆಸರು ಮಾತ್ರ.

ಇಂದು ಊರಿನ ಜನಸಂಖ್ಯೆ ಸುಮಾರು ನಾನೂರು. ಇನ್ನೂರು ವರ್ಷದ ಹಿಂದೆಯೂ ಕೆಲವು ನೂರೇ. ಲೆಕ್ಕ ಮಾತ್ರ ನೋಡಿದರೆ ಏನೂ ಆಗಿಲ್ಲ ಅನ್ನಿಸಬೇಕು. ಆದದ್ದು ಏನು ಎಂಬುದನ್ನು ಹೇಳುವ ಮೊದಲು ಆ ಕಣಿವೆಯ ಬೇಸಾಯದ ಬಗ್ಗೆ ಎರಡು ಮಾತು.

ಚಳಿಗಾಲದಲ್ಲಿ ನೀರು ಹಾಯಿಸುವ ಜಾಣತನ

ಪಿಡಲ್ ಹೊಳೆ ಹುಟ್ಟುವುದು ಸೀಮೆಸುಣ್ಣದ ಗುಡ್ಡಗಳಲ್ಲಿ. ಆ ಮೆದು ಕಲ್ಲು ಮಳೆನೀರನ್ನು ಹೀರಿಟ್ಟುಕೊಂಡು ವರ್ಷವಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಒರತೆ ನೀರಾದ್ದರಿಂದ ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದಿದ್ದರೂ ಈ ನೀರು ಅಷ್ಟು ತಣ್ಣಗಾಗುವುದಿಲ್ಲ. ಹದಿನೇಳನೇ ಶತಮಾನದ ಆರಂಭದಲ್ಲಿ ಈ ಕಣಿವೆಯ ಆಫ್‌ಪಡಲ್, ಪಡಲ್‌ಟೌನ್ ಊರಿನವರು ಇದರ ಲಾಭ ಪಡೆದರು. ಹೊಳೆಗೆ ಅಡ್ಡ ಹಲಗೆ ಇಟ್ಟು, ಕಣಿ ತೆಗೆದು, ಹುಲ್ಲುಗಾವಲಿನ ಮೇಲೆ ತೆಳ್ಳಗೆ ನೀರು ಹರಿಯುವ ಹಾಗೆ ಮಾಡಿದರು. ನೀರು ನಿಲ್ಲಬಾರದು, ಹರಿಯುತ್ತಲೇ ಇರಬೇಕು. ಕಟ್ಟದ ನೀರನ್ನು ತೋಟಕ್ಕೆ ತಿರುಗಿಸಿದವರಿಗೆ ಈ ಕೆಲಸದ ಸೂಕ್ಷ್ಮ ಗೊತ್ತಾಗುತ್ತದೆ.

ನೀರಿನ ಬಿಸುಪಿನಿಂದ ನೆಲ ಹೆಪ್ಪುಗಟ್ಟದೆ ಹುಲ್ಲು ಬೇರೆ ಕಡೆಗಿಂತ ಕೆಲವು ವಾರ ಮೊದಲೇ ಚಿಗುರುತ್ತಿತ್ತು. ಹಗಲು ಅಲ್ಲಿ ಮೇಯ್ದ ಕುರಿಗಳನ್ನು ಸಂಜೆ ಮೇಲಿನ ಹೊಲಕ್ಕೆ ಹೊಡೆದು ತಟ್ಟಿಯ ಬೇಲಿಯೊಳಗೆ ಕೂಡುತ್ತಿದ್ದರು. ನಮ್ಮ ಬಯಲುಸೀಮೆಯಲ್ಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಹಾಗೆ. ಬೆಳಗಾಗುವಾಗ ಹೊಲಕ್ಕೆ ಗೊಬ್ಬರ. ಆ ಗೊಬ್ಬರದಲ್ಲಿ ಗೋಧಿ, ಬಾರ್ಲಿ. ರಾಸಾಯನಿಕ ಗೊಬ್ಬರ ಹುಟ್ಟುವ ಮೊದಲು ತೆಳು ಮಣ್ಣಿನ ಆ ಗುಡ್ಡಗಳಲ್ಲಿ ಧಾನ್ಯ ಬೆಳೆದದ್ದು ಈ ಬಲದಿಂದ.

ಅಂದರೆ ಬಡ ಕಣಿವೆಯಲ್ಲ ಅದು. ನೀರಿತ್ತು, ಗೊಬ್ಬರವಿತ್ತು, ಕೆಲಸ ಬಲ್ಲ ಜನ ಇದ್ದರು. ಆದರೂ ಕಣಿ ತೆಗೆದವನ, ಕುರಿ ಕಾದವನ, ನೇಗಿಲು ಹಿಡಿದವನ ಮನೆಯಲ್ಲಿ ಬ್ರೆಡ್ಡು, ಬಟಾಟೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಒಂಬತ್ತು, ಎಂಟು, ಏಳು, ಆರು

ಆಗಿನ ಇಂಗ್ಲೆಂಡಿನ ಹಳ್ಳಿಯಲ್ಲಿ ಮೂರು ಅಂತಸ್ತು. ಮೇಲೆ ಜಮೀನಿನ ಧಣಿ. ನಡುವೆ ಗೇಣಿಗೆ ಬೇಸಾಯ ಮಾಡುವವ. ಕೆಳಗೆ ಕೂಲಿಯವ. ಕೂಲಿಯವನಿಗೆ ಹಿಂದೆ ಊರೊಟ್ಟಿನ ಜಾಗದಲ್ಲಿ ದನ ಮೇಯಿಸುವ, ಸೌದೆ ತರುವ ಹಕ್ಕಾದರೂ ಇತ್ತು. ಹದಿನೆಂಟನೇ ಶತಮಾನದ ನಡುವಿನಿಂದ ನೂರು ವರ್ಷ ಕಾಲ ದೇಶದುದ್ದಕ್ಕೂ ಸಂಸತ್ತಿನ ಕಾಯ್ದೆಯ ಮೂಲಕ ಅಂತಹ ಜಾಗಗಳಿಗೆ ಬೇಲಿ ಬಿತ್ತು. ನಮ್ಮ ಕುಮ್ಕಿಯನ್ನೂ ಗೋಮಾಳವನ್ನೂ ಯಾರೋ ಒಬ್ಬರು ಬೇಲಿ ಹಾಕಿ ಬೀಗ ಜಡಿದರೆ ಹೇಗಾದೀತು, ಹಾಗೆ. ಕೂಲಿಯವನಿಗೆ ಉಳಿದದ್ದು ವಾರದ ಸಂಬಳ ಒಂದೇ.

1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯಿತು, ಧಾನ್ಯದ ಧಾರಣೆ ಬಿತ್ತು. ಗೇಣಿ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಬೆಳೆಯ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡಬೇಕಿತ್ತು, ಅದೂ ತಪ್ಪಲಿಲ್ಲ. ಒಕ್ಕುವ ಯಂತ್ರ ಬಂದು ಚಳಿಗಾಲದ ಕೆಲಸವೂ ಹೋಯಿತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ತುಂಬ ಕೂಲಿಯವರು ಎದ್ದು ಯಂತ್ರಗಳನ್ನು ಒಡೆದರು, ಹುಲ್ಲುಮೆದೆಗಳಿಗೆ ಬೆಂಕಿ ಇಟ್ಟರು. ಹಲವರಿಗೆ ಗಲ್ಲು, ನೂರಾರು ಜನರಿಗೆ ಗಡೀಪಾರು.

ಟಾಲ್‌ಪಡಲ್‌ನ ಜಾರ್ಜ್ ಲವ್‌ಲೆಸ್ ನೇಗಿಲು ಹೊಡೆಯುವವ. ಓದು ಬರಹ ತಾನಾಗಿ ಕಲಿತವ. ಮೆಥಡಿಸ್ಟ್ ಪಂಥದಲ್ಲಿ ಪ್ರವಚನ ಮಾಡುತ್ತಿದ್ದ. ಬೆಂಕಿ ಇಡುವುದರಿಂದ ಪ್ರಯೋಜನವಿಲ್ಲ, ಕೂತು ಮಾತಾಡಬೇಕು ಎಂಬುದು ಅವನ ನಂಬಿಕೆ. ಮಾತಾಡಿಯೂ ಆಯಿತು. ಅವನೇ ಮುಂದೆ ಬರೆದಿಟ್ಟಂತೆ, ಬೇರೆ ಕಡೆಗಳಲ್ಲಿ ಕೊಡುವಷ್ಟೇ ಸಂಬಳ, ಎಂದರೆ ವಾರಕ್ಕೆ ಹತ್ತು ಶಿಲ್ಲಿಂಗ್, ಇಲ್ಲೂ ಕೊಡುತ್ತೇವೆಂದು ಊರಿನ ಬೇಸಾಯಗಾರರು ಪಾದ್ರಿಯ ಎದುರಲ್ಲೇ ಒಪ್ಪಿದ್ದರು. ಕೊಟ್ಟದ್ದು ಒಂಬತ್ತು. ಆಮೇಲೆ ಎಂಟಾಯಿತು, ಏಳಾಯಿತು. ಇನ್ನು ಆರೇ ಅಂದರು. ಪಾದ್ರಿಯನ್ನು ಕೇಳಿದರೆ, ತಾನು ಅಂಥ ಮಾತಿಗೆ ಸಾಕ್ಷಿಯೇ ಅಲ್ಲ ಅಂದುಬಿಟ್ಟ.

1833ರ ಕೊನೆಯಲ್ಲಿ ಲವ್‌ಲೆಸ್ ಮತ್ತು ಸಂಗಡಿಗರು ಕೃಷಿ ಕೂಲಿಗಳ ಒಂದು ಸಂಘ ಕಟ್ಟಿದರು. ಸೇರಲು ಒಂದು ಶಿಲ್ಲಿಂಗ್, ಆಮೇಲೆ ವಾರಕ್ಕೊಂದು ಪೆನ್ನಿ. ಹಿಂಸೆಯಿಂದ ಸಂಘದ ಉದ್ದೇಶ ಎಂದೂ ಈಡೇರದು ಎಂಬುದು ಸಂಘದ ನಿಯಮಗಳಲ್ಲೇ ಇತ್ತು. ಊರ ನಡುವಿನ ದೊಡ್ಡ ಸಿಕಮೋರ್ ಮರದಡಿ ಸೇರಿ ಮಾತಾಡುತ್ತಿದ್ದರು ಎಂದು ಊರವರ ಮಾತು. ಹೊಸಬರನ್ನು ಸೇರಿಸಿಕೊಳ್ಳುವುದು ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮನೆಯ ಮಾಳಿಗೆ ಕೋಣೆಯಲ್ಲಿ. ಕಣ್ಣು ಕಟ್ಟಿ, ಬೈಬಲ್ ಮುಟ್ಟಿಸಿ, ಗುಟ್ಟು ಬಿಡುವುದಿಲ್ಲ ಎಂದು ಆಣೆ ಮಾಡಿಸುತ್ತಿದ್ದರು.

ಆ ಆಣೆಯೇ ಕುತ್ತಿಗೆಗೆ ಬಂತು. ಸಂಘ ಕಟ್ಟುವುದು 1824ರಿಂದ ಕಾನೂನುಬಾಹಿರವಾಗಿರಲಿಲ್ಲ. ಹಾಗಾಗಿ ಧಣಿಯೂ ಮ್ಯಾಜಿಸ್ಟ್ರೇಟನೂ ಆಗಿದ್ದ ಜೇಮ್ಸ್ ಫ್ರಾಂಪ್ಟನ್, ಗೃಹ ಮಂತ್ರಿ ಲಾರ್ಡ್ ಮೆಲ್ಬರ್ನ್‌ಗೆ ಪತ್ರ ಬರೆದು ದಾರಿ ಹುಡುಕಿದ. ನೌಕಾಪಡೆಯ ದಂಗೆ ಅಡಗಿಸಲು 1797ರಲ್ಲಿ ಮಾಡಿದ, ಗುಟ್ಟಿನ ಆಣೆ ಅಪರಾಧ ಎನ್ನುವ ಕಾಯ್ದೆ ಸಿಕ್ಕಿತು. ನೇಗಿಲು ಹಿಡಿದವರಿಗೆ ಹಡಗಿನ ಕಾನೂನು! 1834ರ ಫೆಬ್ರವರಿ 22ರಂದು ಸಂಘ ಸೇರಿದವರಿಗೆ ಏಳು ವರ್ಷ ಗಡೀಪಾರು ಎಂದು ನೋಟೀಸು ಹಚ್ಚಿದರು. 24ರಂದು ಬೆಳಗ್ಗೆಯೇ ಆರು ಮಂದಿಯನ್ನು ಹಿಡಿದು ಡಾರ್ಚೆಸ್ಟರಿಗೆ ನಡೆಸಿಕೊಂಡು ಹೋದರು. ಜಾರ್ಜ್ ಲವ್‌ಲೆಸ್, ಅವನ ತಮ್ಮ ಜೇಮ್ಸ್, ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಥಾಮಸನ ಮಗ ಜಾನ್, ಜೇಮ್ಸ್ ಬ್ರೈನ್, ಜೇಮ್ಸ್ ಹ್ಯಾಮೆಟ್.

ಮಾರ್ಚಿನಲ್ಲಿ ವಿಚಾರಣೆ. ತೀರ್ಪು ಹೇಳಿದ ಜ್ಯೂರಿಯಲ್ಲಿ ಕೂತವರು ಬೇಸಾಯಗಾರರು. ಈ ಮಾತನ್ನು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ. ಶಿಕ್ಷೆ ಏಳು ವರ್ಷ ಗಡೀಪಾರು. ಜಾರ್ಜ್‌ನನ್ನು ಟಾಸ್ಮೇನಿಯಾಕ್ಕೆ, ಉಳಿದ ಐವರನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಸಾಗಿಸಿದರು. ಊರಲ್ಲಿ ಉಳಿದ ಹೆಂಡತಿ ಮಕ್ಕಳಿಗೆ, ಬಡವರಿಗೆಂದು ಇದ್ದ ಸಹಾಯವನ್ನೂ ಕೊಡಲಿಲ್ಲ. ಸಂಘಕ್ಕೆ ಪೆನ್ನಿ ಕೊಡಲು ಇತ್ತಲ್ಲ, ಈಗಲೂ ಅಲ್ಲೇ ಕೇಳಿ ಎಂಬ ಉತ್ತರ.

ಮರಳಿ ಬಂದವರಿಗೆ ಊರಲ್ಲಿ ಜಾಗ ಇತ್ತೇ?

ದೇಶವೇ ಎದ್ದಿತು. 1834ರ ಏಪ್ರಿಲ್ 21ರಂದು ಲಂಡನ್ನಿನ ಕೋಪನ್‌ಹೇಗನ್ ಫೀಲ್ಡ್ಸ್‌ನಲ್ಲಿ ಹತ್ತಾರು ಸಾವಿರ ಜನ ಸೇರಿ ಮೆರವಣಿಗೆ ಹೋದರು. ಲಕ್ಷಗಟ್ಟಲೆ ಸಹಿ ಬಿತ್ತು. 1836ರ ಮಾರ್ಚಿನಲ್ಲಿ ಸರಕಾರ ಪೂರ್ಣ ಕ್ಷಮೆ ಕೊಟ್ಟಿತು. ಜಾರ್ಜ್ 1837ರ ಜೂನಿನಲ್ಲಿ ಮರಳಿದ. ನಾಲ್ವರು 1838ರಲ್ಲಿ, ಹ್ಯಾಮೆಟ್ 1839ರಲ್ಲಿ.

ಇಲ್ಲಿ ಒಂದು ಮಾತು ನಮ್ಮ ನೆಲದ್ದು. 1834, ಕಂಪೆನಿ ಸರಕಾರ ಕೊಡಗನ್ನು ವಶ ಮಾಡಿಕೊಂಡು ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದ ವರ್ಷ. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಿ ಎಂದರು. ಮಾರಲು ಹೋದರೆ ಕ್ರಯವಿಲ್ಲ. ಹಿರಿಯರು ‘ಕಲ್ಯಾಣಪ್ಪನ ಕಾಟಕಾಯಿ’ ಅನ್ನುತ್ತಿದ್ದ ರೈತರ ದಂಗೆ ಮಂಗಳೂರು ಮುಟ್ಟಿದ್ದು 1837ರ ಏಪ್ರಿಲಿನಲ್ಲಿ. ಲವ್‌ಲೆಸ್ ಮರಳಿದ್ದು ಅದೇ ವರ್ಷದ ಜೂನಿನಲ್ಲಿ. ನಮ್ಮವರಿಗೂ ಗಲ್ಲು, ಗಡೀಪಾರು ಆಯಿತು. ಅವರಿಗಾಗಿ ಯಾರೂ ಲಂಡನ್ನಿನಲ್ಲಿ ಮೆರವಣಿಗೆ ಹೋಗಲಿಲ್ಲ.

ಟಾಲ್‌ಪಡಲ್‌ಗೆ ಹೋಗೋಣ. ಜನ ಚಂದಾ ಎತ್ತಿ ಲವ್‌ಲೆಸ್ ಬಳಗಕ್ಕೆ ಎಸೆಕ್ಸ್ ಜಿಲ್ಲೆಯಲ್ಲಿ ಎರಡು ಜಮೀನು ಗೇಣಿಗೆ ಕೊಡಿಸಿದರು. ಅವರ ಸ್ವಂತ ಊರಲ್ಲಲ್ಲ! ಎಸೆಕ್ಸಿನಲ್ಲೂ ಸುತ್ತಲಿನ ದೊಡ್ಡವರಿಗೆ ಇವರು ಕಣ್ಣಿನ ಕಸ. ಒಂದೆರಡು ವರ್ಷ ಆಚೀಚೆಯಾಗಿ ಐದು ಮಂದಿಯೂ ಕುಟುಂಬ ಸಮೇತ ಕೆನಡಾದ ಒಂಟಾರಿಯೋಗೆ ಹೊರಟುಹೋದರು. ಅಲ್ಲಿ ಸ್ವಂತ ನೆಲ ಮಾಡಿ ಬದುಕಿದರು. ಹಿಂದಿನದ್ದನ್ನು ಮಕ್ಕಳಿಗೂ ಹೇಳಲಿಲ್ಲವಂತೆ.

ಊರಿಗೆ ಮರಳಿ ಅಲ್ಲೇ ಉಳಿದವ ಜೇಮ್ಸ್ ಹ್ಯಾಮೆಟ್ ಒಬ್ಬನೇ. ಆಣೆ ಮಾಡಿಸಿದ ರಾತ್ರಿ ಆತ ಆ ಮನೆಯಲ್ಲಿ ಇರಲೇ ಇಲ್ಲ, ತಮ್ಮನ ಬದಲಿಗೆ ಬಾಯಿ ಮುಚ್ಚಿ ಶಿಕ್ಷೆ ಹೊತ್ತುಕೊಂಡ ಎಂದು ಹೇಳುತ್ತಾರೆ. ಮುಂದೆ ಅವನು ಹೊಟ್ಟೆಗೆ ಆಶ್ರಯಿಸಿದ್ದು ಬೇಸಾಯವನ್ನಲ್ಲ, ಮನೆ ಕಟ್ಟುವ ಕೂಲಿಯನ್ನು. 1875ರಲ್ಲಿ ಕೃಷಿ ಕೂಲಿಗಳ ರಾಷ್ಟ್ರೀಯ ಸಂಘ ಅವನನ್ನು ಕರೆದು ಗಡಿಯಾರ ಕೊಟ್ಟು ಸನ್ಮಾನಿಸಿತು. ಮುದಿತನದಲ್ಲಿ ಕಣ್ಣು ಹೋಯಿತು. 1891ರಲ್ಲಿ ಸತ್ತದ್ದು ಡಾರ್ಚೆಸ್ಟರಿನ ಅನಾಥಾಲಯದಂತಹ ಬಡವರ ಮನೆಯಲ್ಲಿ.

ಶತಮಾನದ ನೆನಪಿಗೆ 1934ರಲ್ಲಿ ಕಾರ್ಮಿಕ ಸಂಘಗಳು ಊರಲ್ಲಿ ಆರು ಮನೆ ಕಟ್ಟಿಸಿದವು, ನಿವೃತ್ತ ಕೃಷಿ ಕೂಲಿಗಳಿಗೆಂದು. ಹ್ಯಾಮೆಟ್‌ನ ಗೋರಿಗೆ ಎರಿಕ್ ಗಿಲ್ ಎಂಬ ಹೆಸರಾಂತ ಶಿಲ್ಪಿ ಕಲ್ಲು ಕೆತ್ತಿದ. ಪ್ರತಿ ಜುಲೈಯಲ್ಲಿ ಜಾತ್ರೆಯಂತೆ ಸಾವಿರಾರು ಜನ ಸೇರುತ್ತಾರೆ, ಬಾವುಟ ಹಿಡಿದು ಮೆರವಣಿಗೆ, ಗೋರಿಗೆ ಹೂವು. ಆ ಸಿಕಮೋರ್ ಮರಕ್ಕೆ ಮುನ್ನೂರು ವರ್ಷ ದಾಟಿದೆ. ಮರವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ತಲೆಲೆಕ್ಕ ಹೇಳದ ಸಂಗತಿ

ಈಗ ಜನಸಂಖ್ಯೆಯ ಮಾತು. ಟಾಲ್‌ಪಡಲ್‌ನಲ್ಲಿ ನಾನೂರು ಜನ ಇದ್ದಾರೆ. ಮನೆಗಳು ಖಾಲಿ ಬಿದ್ದಿಲ್ಲ. ಆದರೆ ಅಂದು ಆ ಊರಿನ ಮನೆ ಮನೆಯಿಂದ ಗದ್ದೆಗೆ ಹೋಗುತ್ತಿದ್ದರು. ಇಂದು ಬ್ರಿಟನ್ನಿನಲ್ಲಿ ದುಡಿಯುವ ನೂರು ಜನರಲ್ಲಿ ಒಬ್ಬ ಮಾತ್ರ ಕೃಷಿಯಲ್ಲಿದ್ದಾನೆ. 1870ರ ನಂತರ ಅಮೆರಿಕದ ಅಗ್ಗದ ಧಾನ್ಯ ಬಂತು. ಆಮೇಲೆ ಟ್ರಾಕ್ಟರ್, ಕೊಯ್ದು ಒಕ್ಕುವ ಯಂತ್ರ. ಸಂಬಳ ಸಾಲದವರು ಪೇಟೆಗೆ, ಗಣಿಗೆ, ಹೊರದೇಶಕ್ಕೆ ಹೋದರು. ಅವರು ಬಿಟ್ಟುಹೋದಂತಹ ಹುಲ್ಲು ಹೊದೆಸಿದ ಮನೆಗಳನ್ನು ಡಾರ್ಸೆಟ್‌ನಲ್ಲಿ ನಿವೃತ್ತರೂ ಪೇಟೆಯಲ್ಲಿ ದುಡಿಯುವವರೂ ಕೊಳ್ಳುತ್ತಾರೆ. ಹೊಲದಲ್ಲಿ ಕೆಲಸ ಮಾಡುವವನ ಸಂಬಳಕ್ಕೆ ಆ ಮನೆಗಳು ಎಟಕುವುದಿಲ್ಲ. ಕೃಷಿ ಕೂಲಿಗೆ ಕನಿಷ್ಠ ಸಂಬಳ ಗೊತ್ತುಮಾಡುತ್ತಿದ್ದ ಮಂಡಳಿಯನ್ನೂ ಇಂಗ್ಲೆಂಡಿನಲ್ಲಿ 2013ರಲ್ಲಿ ರದ್ದು ಮಾಡಿದರು.

ಹೊಳೆ ಇದೆ, ಚರ್ಚಿದೆ, ಮರ ಇದೆ, ತಲೆಗಳೂ ಅಷ್ಟೇ ಇವೆ. ಮಣ್ಣು ಬಲ್ಲವರ ಊರು ಮಾತ್ರ ಹೋಗಿದೆ. ಜನಗಣತಿಯ ಕಾಗದದಲ್ಲಿ ಇದು ಕಾಣಿಸುವುದಿಲ್ಲ. ನಮ್ಮ ಗ್ರಾಮಗಳ ಜನಸಂಖ್ಯೆ ಇಳಿದಿಲ್ಲವಲ್ಲ ಎಂದು ಸಮಾಧಾನ ಪಡುವವರು ಒಮ್ಮೆ ತಮ್ಮ ಬೈಲಿನಲ್ಲಿ ಅಡಿಕೆ ಮರ ಹತ್ತಬಲ್ಲವರು, ಕಟ್ಟ ಕಟ್ಟಬಲ್ಲವರು ಎಷ್ಟು ಮಂದಿ ಇದ್ದಾರೆಂದು ಎಣಿಸಲಿ.

ನನಗೆ ಚುಚ್ಚಿದ ಮಾತು

ಈ ಚರಿತ್ರೆಯಲ್ಲಿ ಎಲ್ಲರೂ ಬೈಯುವುದು ಧಣಿ ಫ್ರಾಂಪ್ಟನ್‌ನನ್ನು. ಬೈಯಲಿ. ಆದರೆ ನಾನು ಧಣಿಯಲ್ಲ. ಆ ಮೂರು ಅಂತಸ್ತಿನಲ್ಲಿ ನಮ್ಮಂತಹ ಸಣ್ಣ ಬೆಳೆಗಾರರ ಜಾಗ ಯಾವುದು? ನಡುವಿನದ್ದು. ಸಂಬಳವನ್ನು ಒಂಬತ್ತರಿಂದ ಏಳಕ್ಕೆ ಇಳಿಸಿದವ ಆತ. ಜ್ಯೂರಿಯಲ್ಲಿ ಕೂತು ಹೌದೆಂದವನೂ ಆತ. ಅವನೇನು ಕೆಟ್ಟವನಲ್ಲ. ಧಾರಣೆ ಬಿದ್ದಿತ್ತು, ಗೇಣಿ ಕಟ್ಟಬೇಕಿತ್ತು, ಚರ್ಚಿನ ಪಾಲು ಕೊಡಬೇಕಿತ್ತು. ಮೇಲಿನವನ ಹತ್ತಿರ “ಗೇಣಿ ಇಳಿಸಿ ಧಣಿ” ಅನ್ನಲು ನಾಲಗೆ ಏಳಲಿಲ್ಲ. ಕೈಗೆ ಎಟುಕಿದ್ದು ಕೆಳಗಿನವನ ಕೂಲಿ.

ಬೇರೆ ದಾರಿಯೇ ಇರಲಿಲ್ಲವೇ ಅಂದರೆ, ಇತ್ತು. 1830ರ ಗಲಭೆಯಲ್ಲಿ ಕೆಲವು ಊರುಗಳಲ್ಲಿ ಬೇಸಾಯಗಾರರೇ ಕೂಲಿಯವರ ಜೊತೆ ನಿಂತು, “ಚರ್ಚಿನ ಪಾಲು ಇಳಿಸಿ, ನಾವು ಸಂಬಳ ಏರಿಸುತ್ತೇವೆ” ಎಂದು ಕೇಳಿದ್ದುಂಟು. ಟಾಲ್‌ಪಡಲ್‌ನಲ್ಲಿ ಹಾಗಾಗಲಿಲ್ಲ. ಆರು ಮಂದಿ ಹೋದರು. ಆ ನಡುವಿನವನಾದರೂ ಉಳಿದನೇ? ಮುಂದೆ ಅಮೆರಿಕದ ಧಾನ್ಯ ಬಂದಾಗ ಇಂಗ್ಲೆಂಡಿನ ಎಷ್ಟೋ ಗೇಣಿದಾರರೂ ಜಮೀನು ಬಿಟ್ಟು ಹೋದರು.

ನನ್ನ ತೋಟದಲ್ಲಿ ವರ್ಷಗಟ್ಟಲೆ ಕೊಯ್ಲು ಮಾಡಿದ ಹಿರಿಯರೊಬ್ಬರಿದ್ದಾರೆ. ಮಗನನ್ನೂ ಕರೆತನ್ನಿ ಎಂದು ಒಮ್ಮೆ ಹೇಳಿದೆ. “ಅವ ಈ ಮರ ಹತ್ತುವುದು ಬೇಡ ಅಣ್ಣ. ಬಿದ್ದರೆ ನೋಡುವವರು ಯಾರು?” ಅಂದರು. ಸಂಬಳದ ಮಾತೇ ಎತ್ತಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಮಗನನ್ನು ಮರ ಹತ್ತಿಸಬೇಕೆಂದು ನನಗೆ ಒಮ್ಮೆಯೂ ಅನ್ನಿಸಿದ್ದಿಲ್ಲವಲ್ಲ!

ಒಂದೆರಡು ಎಕ್ರೆಯವರು ಕೇಳಿದಷ್ಟು ಸಂಬಳ ಕೊಡಲು ಸಾಧ್ಯವಿಲ್ಲ, ಒಪ್ಪುತ್ತೇನೆ. ಧಾರಣೆ ಬಿದ್ದ ವರ್ಷ ನಮ್ಮ ಕೈಗೇ ಏನೂ ಬರುವುದಿಲ್ಲ. ಆದರೆ ನಮ್ಮಿಂದ ಆಗುವಂಥದ್ದೂ ಇದೆ. ನಾಲ್ಕು ತೋಟದವರು ಒಟ್ಟು ಕೂತು ಕೊಯ್ಲು, ಮದ್ದು, ಸೊಪ್ಪು ಹಾಕುವ ಕೆಲಸವನ್ನು ಹಂಚಿಕೊಂಡರೆ ಒಬ್ಬನಿಗೆ ವರ್ಷವಿಡೀ ಕೆಲಸ ಸಿಗುತ್ತದೆ. ಮರ ಹತ್ತುವವನ ವಿಮೆಯ ಕಂತನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಭಾರವಾಗದು. ಸಂಬಳ ಏರಿಸಲಾಗದ ವರ್ಷ ಲೆಕ್ಕ ಎದುರಿಟ್ಟು, “ಇಷ್ಟು ಬಂತು, ಇಷ್ಟು ಹೋಯಿತು” ಎಂದು ಹೇಳಬಹುದು. ಮಾತು ಕೊಟ್ಟು ಇಳಿಸುವುದಂತೂ ಬೇಡ. ಮತ್ತು ಧಾರಣೆಗಾಗಿ ಸಭೆ ಸೇರುವಾಗ ಬೆಳೆಗಾರರು ಮಾತ್ರ ಏಕೆ ಹೋಗಬೇಕು? ಬೆಲೆ ಬಿದ್ದರೆ ಕೆಲಸದವನ ಒಲೆಯೂ ಉರಿಯುವುದಿಲ್ಲ. ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನವರನ್ನು ಕೇಳೋಣ.

ಟಾಲ್‌ಪಡಲ್‌ನವರು ಹ್ಯಾಮೆಟ್‌ನ ಗೋರಿಗೆ ವರ್ಷ ವರ್ಷ ಹೂ ಇಡುತ್ತಾರೆ. ಒಳ್ಳೆಯದೇ. ಅವನ ಕೈಯಲ್ಲಿ ಶಕ್ತಿ ಇದ್ದಾಗ ವಾರಕ್ಕೆ ಹತ್ತು ಶಿಲ್ಲಿಂಗ್ ಕೊಟ್ಟಿದ್ದರೆ ಅವನಿಗೆ ಹೂವಿನ ಅಗತ್ಯ ಬೀಳುತ್ತಿರಲಿಲ್ಲ, ಉಳಿದ ಐದು ಮನೆಯವರೂ ಆ ಹೊಳೆಬದಿಯಲ್ಲೇ ಇರುತ್ತಿದ್ದರೋ ಏನೋ.

ನಮ್ಮ ಬೈಲಿನಲ್ಲಿ ಇನ್ನೂ ಕೆಲವರು ಇದ್ದಾರೆ. ಈ ಸಲದ ಕೊಯ್ಲಿಗೆ ಮೊದಲು ನೆರೆಕರೆಯ ಮೂವರನ್ನು ಕರೆದು ವಿಮೆಯ ವಿಷಯ ಮಾತಾಡಬೇಕೆಂದಿದ್ದೇನೆ. ನಿಮ್ಮ ಕಡೆ ಯಾರಾದರೂ ಇಂಥದ್ದನ್ನು ಮಾಡಿದ್ದರೆ, ಸರಿಹೋಗಿದ್ದರೂ ಹೋಗದಿದ್ದರೂ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.